ರಸ್ತೆಯ ಮುಡಿಪು

1895ನೆಯ ಇಸವಿಯ ನವೆಂಬರ್ 1ರಂದು ವೇಲ್ಸಿನ ಆಂಗ್ಲ್‌ಸೀ ದ್ವೀಪದಲ್ಲಿ, ಥಾಮಸ್ ಟೆಲ್‌ಫರ್ಡ್ ನಿರ್ಮಿಸಿದ ಹಾಲಿಹೆಡ್ ಹೆದ್ದಾರಿಯ ಮೇಲೆ ಉಳಿದುಕೊಂಡಿದ್ದ ಸುಂಕದ ಗೇಟುಗಳಲ್ಲಿ ಕೊನೆಯ ಬಾರಿಗೆ ಹಣ ವಸೂಲಾಯಿತು. ಅದರೊಡನೆ, 1663ರಲ್ಲಿ ಲಂಡನ್ನಿನ ಉತ್ತರಕ್ಕೆ ಹರ್ಟ್‌ಫರ್ಡ್ ಸೀಮೆಯ ವೇಡ್ಸ್‌ಮಿಲ್ ಗ್ರಾಮದಲ್ಲಿ ಮೊದಲ ಕಟ್ಟೆ ಕಟ್ಟಿದಂದಿನಿಂದ ನಡೆದುಬಂದಿದ್ದ ಒಂದು ವ್ಯವಸ್ಥೆ ಮುಕ್ತಾಯವಾಯಿತು. ಅದಕ್ಕೂ ಹಿಂದೆ ಆ ದೇಶದ ರಸ್ತೆಗಳು ಬಿಟ್ಟಿಯಿಂದ ಬದುಕುತ್ತಿದ್ದವು. 1555ರ ಶಾಸನವೊಂದರ ಪ್ರಕಾರ ಪ್ರತಿಯೊಂದು ಪ್ಯಾರಿಷ್ಷಿನ ನಿವಾಸಿಗಳೂ ವರ್ಷಕ್ಕೆ ನಾಲ್ಕು ದಿನ, ಕೆಲವೇ ವರ್ಷಗಳ ತರುವಾಯ ಆರು ದಿನ, ತಮ್ಮದೇ ಗುದ್ದಲಿ ಗಾಡಿಗಳನ್ನು ತಂದು ಕೂಲಿಯಿಲ್ಲದೆ ರಸ್ತೆಯ ಗುಂಡಿಗಳನ್ನು ತುಂಬಬೇಕಾಗಿದ್ದಿತು. ಬಿಟ್ಟಿ ಕೆಲಸ ಎಲ್ಲಿಯೂ ಹೇಗಾಗುವುದೋ ಅಲ್ಲಿಯೂ ಹಾಗೆಯೇ ಆಯಿತೆಂಬುದನ್ನು ಹೆಚ್ಚಾಗಿ ಹೇಳಬೇಕಾದುದಿಲ್ಲ. ಬಿಟ್ಟಿಯ ಬದಲು ಸುಂಕ ಬಂದಿತು. 1830ರ ದಶಕದ ಹೊತ್ತಿಗೆ ಸಾವಿರಕ್ಕೂ ಮಿಕ್ಕ ಟರ್ನ್‌ಪೈಕ್ ಟ್ರಸ್ಟುಗಳು, ಎಂದರೆ ಸಾಲ ಎತ್ತಿ ರಸ್ತೆ ಸರಿಪಡಿಸಿ ಸುಂಕದಿಂದ ಅದನ್ನು ತೀರಿಸುವ ಸಂಸ್ಥೆಗಳು, ಸುಮಾರು 22 ಸಾವಿರ ಮೈಲಿ ರಸ್ತೆಯನ್ನು ನೋಡಿಕೊಳ್ಳುತ್ತಿದ್ದವು. ಆದರೆ ಅದೇ ದಶಕದಲ್ಲಿ ರೈಲು ಬಂದು, ದೂರದ ಪ್ರಯಾಣಿಕರನ್ನೂ ಸರಕನ್ನೂ ಒಟ್ಟಿಗೇ ಸೆಳೆದುಕೊಂಡಿತು. ಬಡ್ಡಿ ಕಟ್ಟಲಾರದ ಟ್ರಸ್ಟುಗಳು ಒಂದೊಂದಾಗಿ ಮುಚ್ಚಿದವು. 1888ರ ಸ್ಥಳೀಯಾಡಳಿತ ಶಾಸನ ಮುಖ್ಯ ರಸ್ತೆಗಳ ಭಾರವನ್ನು ಹೊಸದಾಗಿ ಹುಟ್ಟಿದ ಕೌಂಟಿ ಕೌನ್ಸಿಲ್ಲುಗಳ ಹೆಗಲಿಗೆ ಏರಿಸಿತು. ಅಂದರೆ ಮನೆ ಹೊಲ ಅಂಗಡಿಗಳ ಮೇಲೆ ಎತ್ತುವ ಸ್ಥಳೀಯ ಕಂದಾಯದಿಂದಲೇ, ಕೇಂದ್ರದಿಂದ ದೊರೆಯುತ್ತಿದ್ದ ಅಲ್ಪ ಸಹಾಯವನ್ನು ಸೇರಿಸಿಕೊಂಡು, ರಸ್ತೆಯ ದುರಸ್ತಿಯೂ ನಡೆಯಬೇಕೆಂದಾಯಿತು.

ಈ ಏರ್ಪಾಡು ಅನ್ಯಾಯವೆಂದು ಆಗ ಯಾರಿಗೂ ತೋರಲಿಲ್ಲ. ರೈಲಿನ ಯುಗದಲ್ಲಿ ರಸ್ತೆಯ ಮೇಲೆ ಓಡಾಡುತ್ತಿದ್ದವರು ಬಹುಮಟ್ಟಿಗೆ ಆ ಊರಿನವರೇ. ತಮ್ಮ ರಸ್ತೆಗೆ ತಾವು ಹಣ ತೆರುವುದು ಸಹಜವೇ ಆಗಿದ್ದಿತು. ರಸ್ತೆಗಳ ಆಡಳಿತ ಎರಡು ಸಾವಿರಕ್ಕೆ ಸಮೀಪವಾದ ಸಣ್ಣಪುಟ್ಟ ಸಂಸ್ಥೆಗಳಲ್ಲಿ ಹಂಚಿಹೋಗಿದ್ದರೂ, ಒಂದರ ಎಲ್ಲೆಯಲ್ಲಿ ಜಲ್ಲಿ ಹಾಸಿ ಮುಂದಿನದರ ಎಲ್ಲೆಯಲ್ಲಿ ಬರಿಯ ಕೆಸರಿದ್ದರೂ, ಗಾಡಿಯವನಿಗೆ ಅದರಿಂದ ಬರುವ ಕಷ್ಟ ಅರ್ಧ ಗಂಟೆಯದು. ಈ ನೆಮ್ಮದಿಯನ್ನು ಕೆಡಿಸಿದುದು ಮೋಟಾರು. 1904ರಲ್ಲಿ ಬ್ರಿಟನ್ನಿನಲ್ಲಿದ್ದ ಖಾಸಗಿ ಕಾರುಗಳು ಸುಮಾರು 8 ಸಾವಿರ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವು 1 ಲಕ್ಷ 32 ಸಾವಿರದಷ್ಟಾದವು.

ಅವುಗಳ ಸಂಖ್ಯೆಗಿಂತಲೂ ಅವು ಎಬ್ಬಿಸಿದ ಧೂಳು ಹೆಚ್ಚಿನ ಕೋಲಾಹಲಕ್ಕೆ ಕಾರಣವಾಯಿತು. ಮೆಕಾಡಮ್ ಎಂಬ ಇಂಜಿನಿಯರನ ಪದ್ಧತಿಯ ಆಗಿನ ರಸ್ತೆ ಎಂದರೆ, ಸಣ್ಣದಾಗಿ ಒಡೆದ ಜಲ್ಲಿಯನ್ನು ಹರಡಿ, ಸಂದುಗಳಿಗೆ ಕಲ್ಲುಪುಡಿ ತುಂಬಿ, ನೀರು ಹೊಯ್ದು, ರೋಲರಿನಿಂದ ಒತ್ತಿ ಗಟ್ಟಿಮಾಡಿದ ಹಾಸು. ಗಾಡಿಯ ಚಕ್ರದ ಕಬ್ಬಿಣದ ಪಟ್ಟಿ ಈ ಜಲ್ಲಿಯನ್ನು ಅರೆದು ಹೊಸ ಪುಡಿಯನ್ನು ಮಾಡಿ, ಆ ಪುಡಿಯನ್ನು ಮತ್ತೆ ಸಂದುಗಳಿಗೇ ಅಮುಕುತ್ತಿದ್ದಿತು. ರಸ್ತೆ ಸವೆಯುತ್ತಲೇ ತನ್ನನ್ನು ತಾನು ಬಿಗಿದುಕೊಳ್ಳುತ್ತಿದ್ದಿತು. ಗಾಳಿ ತುಂಬಿದ ರಬ್ಬರಿನ ಟೈರು ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡಿತು. ವೇಗದಿಂದ ಉರುಳುವ ಟೈರು ಸಂದಿನೊಳಗಿನ ಪುಡಿಯನ್ನು ಹೀರಿ ಮೇಲಕ್ಕೆಳೆದು ಹಿಂದಕ್ಕೆ ಎರಚಿದುದರಿಂದ, ಕೆಳಗಿನ ಜಲ್ಲಿ ಹಿಡಿತ ತಪ್ಪಿ ಒಂದೊಂದಾಗಿ ಸಡಿಲಿ ಹೊರಬಿದ್ದಿತು. ಬೇಸಗೆಯಲ್ಲಿ ಹೆದ್ದಾರಿಯ ಬದಿಯ ಹಳ್ಳಿಗಳಲ್ಲಿ ಒಗೆದು ಹರವಿದ ಬಟ್ಟೆ, ತೋಟದ ಹಣ್ಣು, ಬೇಲಿಯ ಎಲೆ, ಅಂಗಡಿಯ ಸಾಮಾನು ಎಲ್ಲವೂ ಬಿಳಿಯ ಹುಡಿಯಲ್ಲಿ ಮುಚ್ಚಿಹೋಗುತ್ತಿದ್ದವು, ಕಿಟಕಿ ತೆರೆಯುವಂತಿರಲಿಲ್ಲ, ರಸ್ತೆಬದಿಯ ಮನೆಗಳಿಗೆ ಬಾಡಿಗೆ ಕುಸಿಯಿತು. ಧೂಳಿಗೆ ಮದ್ದು ಕಂಡುಹಿಡಿಯಲು ಹಲವರು ಹಲವು ರೀತಿಯಲ್ಲಿ ಯತ್ನಿಸಿದರು. ನಾಟಿಂಗ್‌ಹ್ಯಾಮ್ ಕೌಂಟಿಯ ಸರ್ವೇಯರ್ ಎಡ್ಗರ್ ಹೂಲಿ ಎಂಬಾತ, ಕಬ್ಬಿಣದ ಕಾರ್ಖಾನೆಯೊಂದರ ಬಳಿ ಒಡೆದುಬಿದ್ದ ಡಾಂಬರಿನ ಪೀಪಾಯಿಯ ಮೇಲೆ ಯಾರೋ ಕಿಟ್ಟವನ್ನು ಸುರಿದಿದ್ದುದನ್ನೂ, ಆ ಜಾಗದಲ್ಲಿ ಮಾತ್ರ ಧೂಳೇಳದಿದ್ದುದನ್ನೂ ಕಂಡು, 1902ರಲ್ಲಿ ಟಾರ್‌ಮ್ಯಾಕ್ ವಿಧಾನಕ್ಕೆ ಪೇಟೆಂಟು ಪಡೆದನೆಂಬ ಕಥೆ ಪ್ರಸಿದ್ಧವಾಗಿದೆ. ಕಥೆಯ ವಿವರಗಳೇನಿದ್ದರೂ ಮದ್ದು ದೊರೆತುದು ನಿಜ. ದೊರೆಯದೆ ಇದ್ದುದು ಅದಕ್ಕೆ ಬೇಕಾದ ಹಣ.

ಇಲ್ಲಿಯೇ ಹಳೆಯ ಏರ್ಪಾಡಿನ ಅನ್ಯಾಯ ಬಯಲಾಯಿತು. ಲಂಡನ್ನಿನ ಶ್ರೀಮಂತನೊಬ್ಬ ಸಮುದ್ರತೀರಕ್ಕೆ ಕಾರಿನಲ್ಲಿ ಹೋಗುತ್ತ ದಾರಿಯ ಹತ್ತು ಗ್ರಾಮಗಳ ಜಲ್ಲಿಯನ್ನು ಕಿತ್ತುಹಾಕಿದರೆ, ಅದನ್ನು ಮತ್ತೆ ಹಾಸುವ ವೆಚ್ಚ ಎಂದೂ ಕಾರು ಏರದ ರೈತನ ಕಂದಾಯದ ಮೇಲೆ ಬೀಳುತ್ತಿದ್ದಿತು. ಧೂಳು ತಿಂದವನೇ ದಂಡವನ್ನೂ ತೆರಬೇಕೆಂಬ ಈ ನ್ಯಾಯ ಎಷ್ಟು ದಿನ ನಡೆದೀತು? ಮೋಟಾರಿನ ಮೇಲೆ ಹಳ್ಳಿಗರಿಗೆ ಹುಟ್ಟಿದ ದ್ವೇಷ ಪಾರ್ಲಿಮೆಂಟಿನಲ್ಲಿಯೂ ಪ್ರತಿಧ್ವನಿಸಿತು. ತಮ್ಮನ್ನು ರಸ್ತೆಯಿಂದಲೇ ಓಡಿಸಿಬಿಡುವರೇನೋ ಎಂದು ಅಂಜಿದ ಮೋಟಾರು ಸಂಘಗಳವರು, ಹಣ ತೆರಲು ತಾವು ಸಿದ್ಧರೆಂದೂ, ಆದರೆ ತೆತ್ತ ಹಣ ರಸ್ತೆಗೇ ಸಲ್ಲಬೇಕೆಂದೂ ಹೇಳತೊಡಗಿದರು.

ಅರ್ಥಸಚಿವನಾಗಿದ್ದ ಡೇವಿಡ್ ಲಾಯ್ಡ್ ಜಾರ್ಜ್ ಈ ಮಾತನ್ನು ಹಿಡಿದುಕೊಂಡನು. 1909ರ ಏಪ್ರಿಲ್ 29ರಂದು ಅವನು ನಾಲ್ಕು ಗಂಟೆಗೂ ಮೇಲ್ಪಟ್ಟು ನಿಂತು ಮಂಡಿಸಿದ ಆಯವ್ಯಯ ‘ಜನತೆಯ ಬಜೆಟ್’ ಎಂಬ ಹೆಸರಿನಿಂದ ಚರಿತ್ರೆಗೆ ಸೇರಿದೆ. ಭೂಮಿಯ ಮೇಲೆ ತೆರಿಗೆ, ಶ್ರೀಮಂತರ ವರಮಾನದ ಮೇಲೆ ಹೆಚ್ಚುವರಿ ತೆರಿಗೆ ಮೊದಲಾದ ದೊಡ್ಡ ಸಿಡಿಲುಗಳ ನಡುವೆ, ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 3 ಪೆನ್ನಿ, ಮತ್ತು ಕಾರಿನ ಅಶ್ವಶಕ್ತಿಯನ್ನು ನೋಡಿ 2 ಗಿನಿಯಿಂದ 40 ಗಿನಿಯವರೆಗೆ ವಾರ್ಷಿಕ ಲೈಸೆನ್ಸು ಎಂಬ ಎರಡು ಸಣ್ಣ ಬಾಬುಗಳೂ ಇದ್ದವು. ಅವುಗಳಿಂದ ನಿರೀಕ್ಷಿಸಿದ ವರಮಾನ ಸುಮಾರು 6 ಲಕ್ಷ ಪೌಂಡು. ಇದರಲ್ಲಿ ಒಂದು ಕಾಸನ್ನೂ ಸಾಮಾನ್ಯ ಖಜಾನೆಗೆ ಬೆರೆಸದೆ ರಸ್ತೆಗಾಗಿಯೇ ತೆಗೆದಿರಿಸುವೆನೆಂದು ಅವನು ಸಭೆಯ ಮುಂದೆ ಹೇಳಿದನು. ಹರಕೆಯ ಹಣವನ್ನು ಬೇರೆ ಗಂಟಿನಲ್ಲಿ ಕಟ್ಟಿ ದೇವರ ಮುಂದಿಡುವಂತೆ, ಸರ್ಕಾರವೊಂದು ತೆರಿಗೆಯ ಹಣವನ್ನು ರಸ್ತೆಗೆ ಮುಡಿಪು ಕಟ್ಟಿದುದು ಹೀಗೆ. ಆ ಮಂತ್ರಿಮಂಡಲದಲ್ಲಿ ವ್ಯಾಪಾರ ಮಂಡಳಿಯ ಅಧ್ಯಕ್ಷನಾಗಿ ಕುಳಿತಿದ್ದು, ಊರೂರು ತಿರುಗಿ ಈ ಬಜೆಟ್ಟಿನ ಪರವಾಗಿ ಭಾಷಣ ಮಾಡಿದವರಲ್ಲಿ ಅಗ್ರಗಣ್ಯನೆನಿಸಿದವನು ಮೂವತ್ತೈದು ತುಂಬದ ವಿನ್‌ಸ್ಟನ್ ಚರ್ಚಿಲ್. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬಜೆಟ್ಟನ್ನು ಲಾರ್ಡ್ಸ್ ಸಭೆ ನವೆಂಬರಿನಲ್ಲಿ 350 ಮತಗಳಿಗೆ ಎದುರಾಗಿ ಬರಿಯ 75 ಮತ ಬಿದ್ದು ತಿರಸ್ಕರಿಸಿದುದು, ಚುನಾವಣೆ ನಡೆದುದು, ಕೊನೆಗೆ 1910ರ ಏಪ್ರಿಲಿನಲ್ಲಿ ಅದು ಅಂಗೀಕೃತವಾದುದು, ಲಾರ್ಡರ ಅಧಿಕಾರವೇ ಆ ಹೋರಾಟದಲ್ಲಿ ಮೊಟಕಾದುದು, ಇವೆಲ್ಲ ಬೇರೊಂದು ಕಥೆ. ರಸ್ತೆಯ ಮಟ್ಟಿಗೆ ಮುಖ್ಯವಾದುದು, ಅದರ ಜೊತೆಯಲ್ಲಿಯೇ ಬಂದ ಅಭಿವೃದ್ಧಿ ಮತ್ತು ರಸ್ತೆ ಸುಧಾರಣಾ ನಿಧಿಗಳ ಶಾಸನ. ಇದರಿಂದ ರೋಡ್ ಬೋರ್ಡ್ ಎಂಬ ಕೇಂದ್ರ ಸಂಸ್ಥೆಯೊಂದು ಹುಟ್ಟಿತು. ಅದರ ಅಧ್ಯಕ್ಷತೆಗೆ ಬಂದವನು ಸರ್ ಜಾರ್ಜ್ ಗಿಬ್, ಜೀವಮಾನವೆಲ್ಲ ರೈಲ್ವೆಯ ಆಡಳಿತದಲ್ಲಿ ನುರಿತವನು. ಕಾರ್ಯದರ್ಶಿಯಾದವನು ವಿಲಿಯಂ ರೀಸ್ ಜೆಫ್ರಿಸ್. ಸೈಕಲ್ ಸವಾರರ ಪರವಾಗಿ ಒಳ್ಳೆಯ ರಸ್ತೆಗಾಗಿ ಹೋರಾಡಿ, ಆಮೇಲೆ ಮೋಟಾರು ಸಂಘಗಳಲ್ಲಿ ದುಡಿದು, ಬದುಕಿನ ಉದ್ದಕ್ಕೂ ರಸ್ತೆಯ ಧ್ಯಾನವನ್ನೇ ಮಾಡಿದ ಮನುಷ್ಯ. ರೈಲಿನವನನ್ನು ತಂದು ರಸ್ತೆಗೆ ಒಡೆಯನನ್ನಾಗಿ ಮಾಡಿದರೆಂದು ಟೀಕಿಸಿದವರು ಅಂದೇ ಇದ್ದರು.

ಶಾಸನದಲ್ಲಿ ಒಂದು ಮಾತು ಗಮನಿಸತಕ್ಕದ್ದಾಗಿದೆ. ಬೋರ್ಡು ಕೊಡುವ ಹಣ ರಸ್ತೆಯ ‘ಸುಧಾರಣೆ’ಗೆ, ಸುಧಾರಣೆ ಎಂದರೆ ಅಗಲಮಾಡುವುದು, ತಿರುವುಗಳನ್ನು ಕಡಿಯುವುದು, ಏರುತಗ್ಗುಗಳನ್ನು ಸಮಮಾಡುವುದು, ಧೂಳಿನ ಪೀಡೆಯನ್ನು ತಗ್ಗಿಸುವುದು, ಮತ್ತು ಸಾಮಾನ್ಯ ದುರಸ್ತಿಗೆ ಮೀರಿದ ಇತರ ಕೆಲಸಗಳು. ಸಾಮಾನ್ಯ ದುರಸ್ತಿಯಾದರೋ ಎಂದಿನಂತೆ ಕೌಂಟಿಯ ಪಾಲಿಗೇ ಉಳಿಯಿತು. ವರ್ಷವರ್ಷವೂ ಗುಂಡಿ ಮುಚ್ಚುವ, ಚರಂಡಿ ಬಿಡಿಸುವ, ಅಂಚು ಕಟ್ಟುವ ಕೆಲಸಕ್ಕೆ ಈ ಮುಡಿಪಿನಲ್ಲಿ ಪಾಲಿರಲಿಲ್ಲ. ಇದರಲ್ಲಿ ಖಜಾನೆಯ ಅಧಿಕಾರಿಗಳ ಜಾಣತನ ಕಾಣುತ್ತದೆ: ದುರಸ್ತಿಯೆಂಬುದು ಕೊನೆಯಿಲ್ಲದ ಖರ್ಚು, ಅದಕ್ಕೆ ಒಮ್ಮೆ ಕೈಹಾಕಿದರೆ ಹಿಂದೆಗೆಯುವಂತಿಲ್ಲ, ಸುಧಾರಣೆಯಾದರೆ ಹಣವಿದ್ದಾಗ ಕೊಟ್ಟು ಇಲ್ಲದಾಗ ನಿಲ್ಲಿಸಬಹುದು. ಆದರೂ ಧೂಳನ್ನಡಗಿಸುವ ಕೆಲಸ ಸುಧಾರಣೆಯೆಂದೇ ಗಣಿತವಾದುದರಿಂದ, ಬೋರ್ಡಿನ ಹಣದ ಬಹುಪಾಲು ಮುಖ್ಯ ರಸ್ತೆಗಳ ಮೇಲ್ಪದರಕ್ಕೆ ಡಾಂಬರು ಉಣ್ಣಿಸುವುದಕ್ಕೆ ವಿನಿಯೋಗವಾಗಿ, ನಾಲ್ಕೈದು ವರ್ಷಗಳಲ್ಲಿ ಬಿಳಿಯ ಧೂಳಿನ ಹೆದ್ದಾರಿಗಳು ಕಪ್ಪಾಗತೊಡಗಿದವು. ಹೊಸ ರಸ್ತೆಗಳನ್ನು ಕಟ್ಟಬೇಕಾಗಿದ್ದ ಬೋರ್ಡು ಹಣವನ್ನು ಕೂಡಿಟ್ಟುಕೊಂಡು ಕುಳಿತಿದೆಯೆಂದು 1913ರಲ್ಲಿ ಇಂಗ್ಲೆಂಡಿನ ರಾಜಮಾರ್ಗದ ಚರಿತ್ರೆಯನ್ನು ಬರೆದ ಸಿಡ್ನಿ ಮತ್ತು ಬಿಯಾಟ್ರಿಸ್ ವೆಬ್ ದಂಪತಿಗಳು ಮೊದಲಾದವರು ಆಕ್ಷೇಪಿಸಿದರು. ಖರ್ಚಾಗದೆ ಕೂಡಿದ ಹಣ ಮುಂದೆ ಯಾರ ಕಣ್ಣಿಗೆ ಬೀಳುವುದೆಂಬುದನ್ನು ಆಗ ಯಾರೂ ಊಹಿಸಿದಂತಿಲ್ಲ.

ಯುದ್ಧ ಬಂದಿತು. 1915ರಿಂದ ಮೋಟಾರಿನ ತೆರಿಗೆಯೆಲ್ಲ ನೇರವಾಗಿ ಯುದ್ಧದ ಖಜಾನೆಗೆ ಹರಿಯಿತು. ಬೋರ್ಡಿನಲ್ಲಿ ಪ್ರಸಿದ್ಧನಾಗಿದ್ದ ಇಂಜಿನಿಯರ್ ಹೆನ್ರಿ ಮೇಬರಿ ಫ್ರಾನ್ಸಿನ ರಣರಂಗಕ್ಕೆ ಹೋಗಿ ಸೇನೆಯ ರಸ್ತೆಗಳಿಗೆ ನಿರ್ದೇಶಕನಾದನು. ಊರಿನ ರಸ್ತೆಗಳು ಲಾರಿಗಳ ಭಾರಕ್ಕೆ ನುಗ್ಗಾಗಿ ಹೋದವು.

ಯುದ್ಧಾನಂತರ ಎರಿಕ್ ಗೆಡ್ಡಿಸ್ ಮೊದಲ ಸಾರಿಗೆ ಮಂತ್ರಿಯಾಗಿ ಬಂದಾಗ ನಡೆದ ವ್ಯವಸ್ಥೆ ಈ ಕಥೆಯ ಮೊದಲ ತಿರುವು. 1920ರ ರಸ್ತೆಗಳ ಶಾಸನ ಹಳೆಯ ಬೋರ್ಡಿನ ಜಾಗದಲ್ಲಿ ‘ರೋಡ್ ಫಂಡ್’ ಎಂಬ ನಿಧಿಯನ್ನು ಸ್ಥಾಪಿಸಿತು. ಪೆಟ್ರೋಲಿನ ಮೇಲಿನ ಸುಂಕ ತೆಗೆದುಹಾಕಲ್ಪಟ್ಟು, 1921ರ ಜನವರಿ 1ರಿಂದ ಕಾರಿನ ಅಶ್ವಶಕ್ತಿ ಒಂದಕ್ಕೆ ವರ್ಷಕ್ಕೆ 1 ಪೌಂಡಿನಂತೆ ತೆರಿಗೆ ಬಂದಿತು. ತೆರಿಗೆ ಕಟ್ಟಿದ ಗುರುತಿಗೆ ದುಂಡನೆಯ ಕಾಗದದ ಬಿಲ್ಲೆಯೊಂದನ್ನು ಗಾಡಿಗೆ ಅಂಟಿಸಬೇಕೆಂಬ ನಿಯಮವೂ ಅಂದೇ ಹುಟ್ಟಿತು. ಈ ವರಮಾನದಿಂದ ಸರ್ಕಾರ, ಒಂದನೆಯ ದರ್ಜೆಯ ರಸ್ತೆಗಳ ಮೇಲಿನ ವೆಚ್ಚದಲ್ಲಿ ಅರ್ಧವನ್ನೂ ಎರಡನೆಯ ದರ್ಜೆಯವುಗಳಲ್ಲಿ ಕಾಲು ಭಾಗವನ್ನೂ ಕೌಂಟಿಗಳಿಗೆ ಕೊಡತೊಡಗಿತು. ಈ ಸಲ ವೆಚ್ಚವೆಂದರೆ ಸುಧಾರಣೆ ಮಾತ್ರವಲ್ಲ, ದುರಸ್ತಿಯೂ ಅದರಲ್ಲಿ ಸೇರಿದ್ದಿತು. ಹನ್ನೊಂದು ವರ್ಷ ಹೊರಗೆ ನಿಂತಿದ್ದ ಗುಂಡಿ ಮುಚ್ಚುವ ಕೆಲಸಕ್ಕೆ ಕೊನೆಗೂ ಖಜಾನೆಯ ಬಾಗಿಲು ತೆರೆಯಿತು. ಯಾವ ರಸ್ತೆ ಯಾವ ದರ್ಜೆಯದೆಂದು ತೀರ್ಮಾನಿಸುವುದಕ್ಕಾಗಿ ದೇಶದ ರಸ್ತೆಗಳನ್ನೆಲ್ಲ ವಿಂಗಡಿಸಿ ಅಂಕೆ ಹಾಕಿದರು. ಇಂದು ಪ್ರವಾಸಿಗಳಿಗೆ ದಾರಿ ತೋರಿಸುವ ಎ, ಬಿ ಅಕ್ಷರಗಳ ಆ ಅಂಕೆಗಳು ಹುಟ್ಟಿದುದು ಅನುದಾನದ ಲೆಕ್ಕಕ್ಕಾಗಿ.

ತೆರಿಗೆಯ ಸೂತ್ರ ಎಷ್ಟು ದೂರ ಕೈಚಾಚಬಲ್ಲುದೆಂಬುದಕ್ಕೆ ಇಲ್ಲೊಂದು ನಿದರ್ಶನವಿದೆ. ಅಶ್ವಶಕ್ತಿಯನ್ನು ಇಂಜಿನ್ನಿನ ನಿಜವಾದ ಬಲದಿಂದ ಅಳೆಯದೆ, ಸಿಲಿಂಡರುಗಳ ಸಂಖ್ಯೆ ಮತ್ತು ಅವುಗಳ ಒಳವ್ಯಾಸದಿಂದ ಮಾತ್ರ ಲೆಕ್ಕ ಹಾಕುತ್ತಿದ್ದರು. ಪಿಸ್ಟನ್ ಎಷ್ಟು ದೂರ ಚಲಿಸುವುದೆಂಬುದು ಗಣನೆಗೆ ಬರುತ್ತಿರಲಿಲ್ಲ. ಆದುದರಿಂದ ಅಗಲವಾದ ಸಿಲಿಂಡರಿನ ಅಮೆರಿಕದ ಫೋರ್ಡ್ ಗಾಡಿ ವರ್ಷಕ್ಕೆ 23 ಪೌಂಡು ತೆರಬೇಕಾಯಿತು. ಬ್ರಿಟಿಷ್ ಕಾರ್ಖಾನೆಗಳವರು ಕಿರಿದಾದ ಒಳವ್ಯಾಸವೂ ಉದ್ದವಾದ ಚಲನೆಯೂ ಉಳ್ಳ ಸಣ್ಣ ಇಂಜಿನ್ನುಗಳನ್ನು ರಚಿಸಿ, 1922ರ ಆಸ್ಟಿನ್ ಸೆವೆನ್ನಿನಂತಹ ಪುಟ್ಟ ಕಾರುಗಳನ್ನು ಮಾರುಕಟ್ಟೆಗೆ ಬಿಟ್ಟರು. ರಸ್ತೆ ದುರಸ್ತಿಯ ಹಣಕ್ಕಾಗಿ ಹಾಕಿದ ತೆರಿಗೆ ಒಂದು ದೇಶದ ಇಂಜಿನ್ನಿನ ಆಕಾರವನ್ನೇ ಎರಡು ಮೂರು ದಶಕಗಳ ಪರ್ಯಂತ ನಿರ್ಧರಿಸಿತು.

ಕಾರುಗಳು ಹೆಚ್ಚಿದಂತೆಲ್ಲ ನಿಧಿಯೂ ತುಂಬಿತು. ನಿರುದ್ಯೋಗಿಗಳಿಗೆ ಕೆಲಸ ಕೊಡುವ ಉದ್ದೇಶದಿಂದ ಹಲವು ಹೊಸ ಹೆದ್ದಾರಿಗಳೂ ಈ ಹಣದ ನೆರವಿನಿಂದ ಎದ್ದವು. 1925ರ ಮೇ ತಿಂಗಳಲ್ಲಿ ಐದನೆಯ ಜಾರ್ಜ್ ದೊರೆ ಲಂಡನ್ನಿನ ಗ್ರೇಟ್ ವೆಸ್ಟ್ ರೋಡನ್ನು ಉದ್ಘಾಟಿಸಿದುದು ಆ ಉತ್ಸಾಹದ ಶಿಖರ. ಅಷ್ಟರಲ್ಲಿ, ಹಿಂದಿನ ವರ್ಷದ ನವೆಂಬರಿನಲ್ಲಿಯೇ, ಪಕ್ಷ ಬದಲಿಸಿ ಕನ್ಸರ್ವೇಟಿವ್ ಸರ್ಕಾರದ ಅರ್ಥಸಚಿವನಾಗಿ ಚರ್ಚಿಲ್ ಬಂದು ಕುಳಿತಿದ್ದನು. ಪೌಂಡನ್ನು ಮತ್ತೆ ಚಿನ್ನದ ಪ್ರಮಾಣಕ್ಕೆ ಕಟ್ಟಿದವನೂ ಅವನೇ. ಅದರಿಂದ ಕಂಗೆಟ್ಟ ಕಲ್ಲಿದ್ದಲಿನ ಉದ್ಯಮಕ್ಕೆ ಸಹಾಯಧನ ಕೊಡಬೇಕಾಗಿ ಬಂದು, ಸುಮಾರು 2 ಕೋಟಿ 30 ಲಕ್ಷ ಪೌಂಡನ್ನು ಕಳೆದುಕೊಂಡವನೂ ಅವನೇ. ಆಯವ್ಯಯದ ಎರಡು ತುದಿಗಳು ಕೂಡದೆ ಅವನು ಅತ್ತಿತ್ತ ನೋಡುತ್ತಿದ್ದಾಗ ಕಣ್ಣಿಗೆ ಬಿದ್ದುದು, ವೆಚ್ಚವಾಗದೆ ಉಳಿದಿದ್ದ ರಸ್ತೆಯ ಮುಡಿಪು.

1926ರ ಏಪ್ರಿಲ್ 26ರ ಬಜೆಟ್ಟಿನಲ್ಲಿ ಅವನು ಆ ಗಂಟಿಗೆ ಕೈಹಾಕಿದನು. ಉಳಿಕೆಯ ಹಣದಿಂದ 70 ಲಕ್ಷ ಪೌಂಡನ್ನು ಖಜಾನೆಗೆ ಎಳೆದುಕೊಂಡುದಲ್ಲದೆ, ಖಾಸಗಿ ಕಾರುಗಳ ತೆರಿಗೆಯಲ್ಲಿ ಮೂರನೆಯ ಒಂದು ಭಾಗ ಭೋಗವಸ್ತುವಿನ ಮೇಲಿನ ತೆರಿಗೆಯೆಂದೂ, ಅದು ಇನ್ನು ಮುಂದೆ ಪ್ರತಿ ವರ್ಷವೂ ಸಾಮಾನ್ಯ ಖಜಾನೆಗೇ ಸಲ್ಲತಕ್ಕದ್ದೆಂದೂ ಸಾರಿದನು. ಮದ್ಯದ ಮೇಲೆ ತೆರಿಗೆಯಿದೆ, ವಿನೋದದ ಮೇಲೆ ತೆರಿಗೆಯಿದೆ, ಆ ಹಣವೆಲ್ಲ ರಾಷ್ಟ್ರದ ಸಾಮಾನ್ಯ ಖರ್ಚಿಗೆ ಹೋಗುತ್ತಿರುವಾಗ, ಮೋಟಾರಿನವರು ಮಾತ್ರ ತಾವು ತೆತ್ತ ತೆರಿಗೆ ತಮ್ಮ ಓಡಾಟದ ಸೌಕರ್ಯಕ್ಕೇ ಶಾಶ್ವತವಾಗಿ ಮೀಸಲಾಗಬೇಕೆಂದು ಹೇಳುವುದು ಪಾರ್ಲಿಮೆಂಟಿನ ಪರಮಾಧಿಕಾರಕ್ಕೂ ಸಾಮಾನ್ಯ ವಿವೇಕಕ್ಕೂ ಮಾಡುವ ಅಪಚಾರ ಎಂಬುದು ಅವನ ವಾದದ ಸಾರ. ವಾದ ಬಲವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹದಿನೇಳು ವರ್ಷಗಳ ಹಿಂದೆ ಅದಕ್ಕೆ ವಿರುದ್ಧವಾದ ಮಾತನ್ನು ಕೊಟ್ಟ ಮಂತ್ರಿಮಂಡಲದಲ್ಲಿ ತಾನೂ ಇದ್ದುದು ಅವನ ನಾಲಗೆಯನ್ನು ಎಳ್ಳಷ್ಟೂ ತಡೆಯಲಿಲ್ಲ. ಅಷ್ಟೇ ಅಲ್ಲ, ಬಹುಕಾಲ ಆಟೋಮೊಬೈಲ್ ಅಸೋಸಿಯೇಷನ್ನಿನ ಅಧ್ಯಕ್ಷನಾಗಿದ್ದ ವಿಲಿಯಂ ಜಾಯ್ನ್‌ಸನ್-ಹಿಕ್ಸ್ ಅದೇ ಸರ್ಕಾರದ ಗೃಹಮಂತ್ರಿ! ಮೋಟಾರು ಸಂಘಗಳವರು ವಚನಭಂಗವೆಂದು ಕೂಗಿಕೊಂಡರು. ವಾರ ಕಳೆಯುವಷ್ಟರಲ್ಲಿ ದೇಶವ್ಯಾಪಿ ಮುಷ್ಕರ ಆರಂಭವಾಗಿ ಅವರ ಕೂಗು ಅದರಲ್ಲಿ ಅಡಗಿಹೋಯಿತು.

ಮುಷ್ಕರದಿಂದ ವರಮಾನ ಇನ್ನಷ್ಟು ಕುಗ್ಗಿತು. 1927ರ ಬಜೆಟ್ಟಿನಲ್ಲಿ ಚರ್ಚಿಲ್ ಮತ್ತೆ ಬಂದು ನಿಧಿಯಿಂದ 1 ಕೋಟಿ 20 ಲಕ್ಷ ಪೌಂಡನ್ನು ತೆಗೆದುಕೊಂಡು ಗಂಟನ್ನು ಬರಿದುಮಾಡಿದನು. ಮರುವರ್ಷ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 4 ಪೆನ್ನಿಯ ಸುಂಕ ಮತ್ತೆ ಹುಟ್ಟಿಕೊಂಡಿತು. ಅದರ ಫಲ ರಸ್ತೆಗಲ್ಲ, ಕೈಗಾರಿಕೆ ಮತ್ತು ವ್ಯವಸಾಯಗಳಿಗೆ ಸ್ಥಳೀಯ ಕಂದಾಯದಲ್ಲಿ ಕೊಟ್ಟ ವಿನಾಯಿತಿಯನ್ನು ತುಂಬಿಕೊಡುವುದಕ್ಕೆ. ಯಾವ ಸುಂಕ 1909ರಲ್ಲಿ ರಸ್ತೆಯ ಹೆಸರಿನಲ್ಲಿ ಜನ್ಮವೆತ್ತಿದ್ದಿತೋ ಅದು ಪುನರ್ಜನ್ಮದಲ್ಲಿ ರಸ್ತೆಯ ಗುರುತನ್ನೇ ಹಿಡಿಯಲಿಲ್ಲ.

ಈ ಪ್ರಕರಣದ ವಿಷಯದಲ್ಲಿ ಬರೆದವರಲ್ಲಿ ಎರಡು ಪಂಗಡ. 1949ರಲ್ಲಿ ತನ್ನ ಅನುಭವಗಳನ್ನು ಗ್ರಂಥರೂಪವಾಗಿ ಪ್ರಕಟಿಸಿದ ರೀಸ್ ಜೆಫ್ರಿಸ್‌ನಂತಹವರ ದೃಷ್ಟಿಯಲ್ಲಿ ಇದು ಕರಾರಿನ ಉಲ್ಲಂಘನೆ. ಮೋಟಾರಿನವರು ಒಪ್ಪಿ ತೆತ್ತುದು ಒಂದು ಷರತ್ತಿನ ಮೇಲೆ, ಷರತ್ತು ಹೋದಮೇಲೆ ತೆರಿಗೆಗೆ ನೈತಿಕವಾದ ಆಧಾರವೇ ಇಲ್ಲ. ಖಜಾನೆಯ ಸಂಪ್ರದಾಯವನ್ನು ಹಿಡಿದು ಬರೆಯುವವರು, ಒಂದು ಪಾರ್ಲಿಮೆಂಟು ಮುಂದಿನ ಪಾರ್ಲಿಮೆಂಟಿನ ಕೈಕಟ್ಟಲಾರದೆಂದೂ, ಮೀಸಲು ನಿಧಿಗಳು ಹೆಚ್ಚಿದಷ್ಟೂ ಅಗತ್ಯವಾದ ಕಡೆ ಹಣವಿಲ್ಲದೆ ಅನಗತ್ಯವಾದ ಕಡೆ ಹಣ ಕೊಳೆಯುವುದೆಂದೂ ಹೇಳುತ್ತಾರೆ. ಎರಡೂ ಕಡೆಯವರು ಸಾಮಾನ್ಯವಾಗಿ ದೊಡ್ಡ ರಸ್ತೆಗಳನ್ನೂ ದೊಡ್ಡ ಮೊತ್ತಗಳನ್ನೂ ಕುರಿತೇ ವಾದಿಸುತ್ತಾರೆಂಬುದು ನನಗೆ ಕೊರತೆಯಾಗಿ ಕಾಣುತ್ತದೆ. ಮುಡಿಪಿನ ನಿಜವಾದ ಉಪಯೋಗ, ನನ್ನ ಅಭಿಪ್ರಾಯದಲ್ಲಿ, ಹೊಸ ಹೆದ್ದಾರಿ ಕಟ್ಟುವುದರಲ್ಲಿ ಅಷ್ಟಾಗಿ ಇಲ್ಲ. ಹೊಸ ಹೆದ್ದಾರಿಗೆ ಶಿಲಾನ್ಯಾಸ ಮಾಡಲು ಮಂತ್ರಿಗಳು ಎಂದೂ ಸಿದ್ಧರೇ, ಹಣ ಹೇಗೋ ಬರುತ್ತದೆ. ಗುಂಡಿ ಮುಚ್ಚುವುದಕ್ಕೆ ಶಿಲಾನ್ಯಾಸವಿಲ್ಲ. ಈ ವರ್ಷ ಮಾಡದಿದ್ದರೆ ಯಾರೂ ಗಮನಿಸದ, ಐದು ವರ್ಷ ಮಾಡದಿದ್ದರೆ ರಸ್ತೆಯನ್ನೇ ಅಗೆದು ಮತ್ತೆ ಕಟ್ಟಬೇಕಾಗುವ ಕೆಲಸ ಅದು. ಹಣದ ಮುಗ್ಗಟ್ಟು ಬಂದಾಗ ಅರ್ಥಸಚಿವನ ಕತ್ತರಿಗೆ ಮೊದಲು ಸಿಕ್ಕುವುದೂ ಅದೇ. ಕೌಂಟಿಗಳ ಸರ್ವೇಯರುಗಳಿಗೆ ನಿಧಿಯಿಂದ ಬರುತ್ತಿದ್ದ ಅರ್ಧವೋ ಕಾಲೋ ಪಾಲು ಬೆಲೆಯುಳ್ಳದ್ದಾಗಿದ್ದುದು ಅದರ ಗಾತ್ರಕ್ಕಾಗಿ ಮಾತ್ರವಲ್ಲ, ಬರುವ ವರ್ಷವೂ ಬರುವುದೆಂಬ ಭರವಸೆಗಾಗಿ. 1926ರಲ್ಲಿ ಒಡೆದುದು ಆ ಭರವಸೆ.

ಅನಂತರದ್ದು ಬೇಗ ಮುಗಿಯುವ ಕಥೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ರಸ್ತೆಯ ಅನುದಾನಗಳು ಮೊಟಕಾದವು. 1936ರ ಏಪ್ರಿಲಿನಲ್ಲಿ, ಜರ್ಮನಿಯ ಸೇನೆ ರೈನ್ ಪ್ರಾಂತವನ್ನು ಹೊಕ್ಕ ಮರುತಿಂಗಳು, ಶಸ್ತ್ರಾಸ್ತ್ರಗಳಿಗೆ ಹಣ ಹುಡುಕುತ್ತಿದ್ದ ಅರ್ಥಸಚಿವ ನೆವಿಲ್ ಚೇಂಬರ್ಲಿನ್, ಮೋಟಾರಿನ ತೆರಿಗೆಗೂ ರಸ್ತೆಗೂ ಇದ್ದ ಸಂಬಂಧವನ್ನು ಪೂರ್ತಿಯಾಗಿ ಕತ್ತರಿಸುವುದಾಗಿ ತಿಳಿಸಿದನು. 1937ರ ಏಪ್ರಿಲ್ 1ರಿಂದ ತೆರಿಗೆಯೆಲ್ಲ ಖಜಾನೆಗೆ. ನಿಧಿಗೆ ಪಾರ್ಲಿಮೆಂಟು ವರ್ಷವರ್ಷವೂ ಮಂಜೂರು ಮಾಡಿದಷ್ಟು ಮಾತ್ರ. ವಿಚಿತ್ರವೆಂದರೆ ಅದೇ ದಿನದಿಂದ ಟ್ರಂಕ್ ರಸ್ತೆಗಳ ಶಾಸನ ಜಾರಿಗೆ ಬಂದು, ಸುಮಾರು 4,500 ಮೈಲಿ ಹೆದ್ದಾರಿಗೆ ಸಾರಿಗೆ ಸಚಿವಾಲಯವೇ ನೇರವಾಗಿ ಒಡೆಯನಾಯಿತು. ಸರ್ಕಾರ ರಸ್ತೆಗಳನ್ನು ತನ್ನದಾಗಿ ಮಾಡಿಕೊಂಡ ದಿನವೇ ರಸ್ತೆಗಳು ತಮ್ಮ ಗಂಟನ್ನು ಕಳೆದುಕೊಂಡವು. ಬರಿಯ ಹೆಸರಾಗಿ ಉಳಿದಿದ್ದ ನಿಧಿಯನ್ನು 1955ರ ಶಾಸನವೊಂದು ರದ್ದುಗೊಳಿಸಿ, ಮರುವರ್ಷದ ಏಪ್ರಿಲಿನಲ್ಲಿ ಅದರ ಲೆಕ್ಕ ಮುಚ್ಚಿತು.

ಇತ್ತ ನಮ್ಮ ದೇಶದಲ್ಲಿ, ಚರ್ಚಿಲ್ ಆ ಗಂಟನ್ನು ಬಿಚ್ಚುತ್ತಿದ್ದ ದಿನಗಳಲ್ಲಿಯೇ, ಅಂತಹದೇ ಗಂಟೊಂದನ್ನು ಕಟ್ಟುವ ಮಾತು ನಡೆಯುತ್ತಿದ್ದಿತು. 1919ರ ಸುಧಾರಣೆಗಳ ಫಲವಾಗಿ ರಸ್ತೆಗಳು ಪ್ರಾಂತ್ಯಗಳ ಪಾಲಿಗೂ, ಅವುಗಳ ಮೂಲಕ ಬಹುಮಟ್ಟಿಗೆ ಜಿಲ್ಲಾ ಬೋರ್ಡುಗಳ ಪಾಲಿಗೂ ಬಿದ್ದಿದ್ದವು; ಬೋರ್ಡುಗಳ ಕೈಯಲ್ಲಿ ಹಣವಿರಲಿಲ್ಲ; ಬಸ್ಸು ಲಾರಿಗಳಾದರೋ ಪ್ರಾಂತ್ಯದ ಗಡಿಯನ್ನು ಕೇಳಿಕೊಂಡು ಓಡುತ್ತಿರಲಿಲ್ಲ. 1927ರಲ್ಲಿ ಮುಂಬಯಿಯ ನ್ಯಾಯವಾದಿ ಮುಕುಂದ ರಾಮರಾವ್ ಜಯಕರರ ಅಧ್ಯಕ್ಷತೆಯಲ್ಲಿ ಭಾರತೀಯ ರಸ್ತೆ ಅಭಿವೃದ್ಧಿ ಸಮಿತಿ ನೇಮಕವಾಯಿತು. ರಸ್ತೆಗಳ ಬೆಳವಣಿಗೆ ಪ್ರಾಂತ್ಯಗಳ ಮತ್ತು ಸ್ಥಳೀಯ ಸಂಸ್ಥೆಗಳ ಶಕ್ತಿಯನ್ನು ಮೀರುತ್ತಿದೆ, ಅದು ರಾಷ್ಟ್ರದ ಹಿತಕ್ಕೆ ಸಂಬಂಧಿಸಿದ ವಿಷಯವಾದುದರಿಂದ ಕೇಂದ್ರದ ವರಮಾನ ಅದಕ್ಕೆ ನೆರವಾಗಬೇಕು ಎಂಬುದು ಮರುವರ್ಷ ಹೊರಬಿದ್ದ ಅದರ ವರದಿಯ ತಾತ್ಪರ್ಯ. ಅದರಂತೆ 1929ರ ಮಾರ್ಚಿನಲ್ಲಿ ಪೆಟ್ರೋಲಿನ ಸುಂಕವನ್ನು ಗ್ಯಾಲನ್ನಿಗೆ 4 ಆಣೆಯಿಂದ 6 ಆಣೆಗೆ ಏರಿಸಿ, ಹೆಚ್ಚಿದ 2 ಆಣೆಯನ್ನು ಕೇಂದ್ರ ರಸ್ತೆ ನಿಧಿಗೆ ಮೀಸಲಿಟ್ಟರು. ಕೇಂದ್ರ ಒಂದು ಭಾಗವನ್ನು ತನ್ನಲ್ಲಿ ಉಳಿಸಿಕೊಂಡು, ಮಿಕ್ಕುದನ್ನು ಪ್ರಾಂತ್ಯಗಳಿಗೂ ದೇಶೀಯ ಸಂಸ್ಥಾನಗಳಿಗೂ ಅಲ್ಲಲ್ಲಿ ವೆಚ್ಚವಾದ ಪೆಟ್ರೋಲಿನ ಪ್ರಮಾಣಕ್ಕನುಗುಣವಾಗಿ ಹಂಚುತ್ತಿದ್ದಿತು. ಕನ್ನಡನಾಡು ಆಗ ಹರಿದು ಹಂಚಿಹೋಗಿದ್ದುದರಿಂದ ಧಾರವಾಡದ ಬಸ್ಸು ಸುಟ್ಟ ಪೆಟ್ರೋಲು ಮುಂಬಯಿಯ ಲೆಕ್ಕಕ್ಕೂ, ಮಂಗಳೂರಿನದು ಮದರಾಸಿನ ಲೆಕ್ಕಕ್ಕೂ, ರಾಯಚೂರಿನದು ನಿಜಾಮರ ಲೆಕ್ಕಕ್ಕೂ ಸೇರುತ್ತಿದ್ದವು. ಎತ್ತಿನ ಗಾಡಿಯ ಹೊರತು ಬೇರೆ ವಾಹನವನ್ನು ಕಾಣದ, ಆದುದರಿಂದಲೇ ರಸ್ತೆ ಅತ್ಯಂತ ಅಗತ್ಯವಾಗಿದ್ದ ಸೀಮೆಗಳಿಗೆ ಈ ಸೂತ್ರದಲ್ಲಿ ಅತ್ಯಂತ ಕಡಿಮೆ ಪಾಲು ದೊರೆಯುವುದು ಅನಿವಾರ್ಯವೇ ಆಗಿದ್ದಿತು. ನಿಧಿಯ ಉದ್ದೇಶ ಅಭಿವೃದ್ಧಿಯೆಂದಾದುದರಿಂದ ದಿನನಿತ್ಯದ ಮರಾಮತ್ತಿನ ಹೊಣೆ ಮೊದಲಿನಂತೆ ಪ್ರಾಂತ್ಯ ಮತ್ತು ಜಿಲ್ಲಾ ಬೋರ್ಡುಗಳ ಮೇಲೆಯೇ ನಿಂತಿತು. ಲಂಡನ್ನಿನ 1909ರ ಶಾಸನದ ನೆರಳು ಇಲ್ಲಿ ಸ್ಪಷ್ಟವಾಗಿ ಬಿದ್ದಿದೆ.

ಜಯಕರರ ಸಮಿತಿಯ ಬೀಜದಿಂದ 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. 1943ರಲ್ಲಿ ನಾಗಪುರದಲ್ಲಿ ನೆರೆದ ಮುಖ್ಯ ಇಂಜಿನಿಯರುಗಳು ದೇಶದ ರಸ್ತೆಗಳನ್ನು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಗ್ರಾಮ ಎಂದು ವಿಂಗಡಿಸಿ ಇಪ್ಪತ್ತು ವರ್ಷದ ಯೋಜನೆಯನ್ನು ಹಾಕಿದರು. ನಿಧಿಯೂ ಸಂಸತ್ತಿನ ನಿರ್ಣಯಗಳ ಆಧಾರದ ಮೇಲೆ ಕುಂಟುತ್ತ ಸಾಗಿ, ಸುಂಕ ಬೆಳೆದಂತೆ ಅದರಲ್ಲಿ ರಸ್ತೆಯ ಪಾಲು ಬೆಳೆಯದೆ ನಿಂತುಬಿಟ್ಟಿತು. 1998ರಲ್ಲಿ ಪೆಟ್ರೋಲಿಗೂ ಮರುವರ್ಷ ಡೀಸೆಲಿಗೂ ಲೀಟರಿಗೆ 1 ರೂಪಾಯಿಯ ಸೆಸ್ಸು ಬಂದ ಮೇಲೆ, 2000ದ ಕೇಂದ್ರ ರಸ್ತೆ ನಿಧಿ ಶಾಸನ ಅದಕ್ಕೆ ಕಾನೂನಿನ ಬೆನ್ನೆಲುಬನ್ನು ಕೊಟ್ಟಿತು. ಕೇವಲ ಮರಾಮತ್ತಿಗೆಂದೇ ದೊಡ್ಡ ಮೊತ್ತ ದೊರೆತುದು ಆ ನಿಧಿಯಿಂದಲ್ಲ. 12ನೆಯ ಹಣಕಾಸು ಆಯೋಗ ರಾಜ್ಯಗಳ ರಸ್ತೆ ಮತ್ತು ಸೇತುವೆಗಳ ನಿರ್ವಹಣೆಗಾಗಿ 15,000 ಕೋಟಿ ರೂಪಾಯಿಗಳ ಅನುದಾನವನ್ನು ಶಿಫಾರಸು ಮಾಡಿದಾಗಲೇ ಅದು ದೊರೆತುದು. ರಾಜ್ಯಗಳು ತಮ್ಮ ಎಂದಿನ ಖರ್ಚನ್ನು ತಗ್ಗಿಸದೆ ಅದರ ಮೇಲೆ ಇದನ್ನು ವಿನಿಯೋಗಿಸಬೇಕೆಂಬ ಷರತ್ತನ್ನು ಆಯೋಗ ಹಾಕಬೇಕಾಯಿತೆಂಬುದರಿಂದಲೇ ಅದಕ್ಕಿದ್ದ ಅನುಭವ ತಿಳಿಯುತ್ತದೆ.

2018ರಲ್ಲಿ ಶಾಸನಕ್ಕೆ ತಿದ್ದುಪಡಿಯಾಗಿ, ನಿಧಿ ‘ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ’ ಎಂಬ ಹೊಸ ಹೆಸರನ್ನು ಪಡೆಯಿತು. ರೈಲುಮಾರ್ಗ, ಒಳನಾಡಿನ ಜಲಮಾರ್ಗ, ವಿಮಾನನಿಲ್ದಾಣ ಮೊದಲಾದ ಅನೇಕ ಬಾಬುಗಳು ಅದರ ಪಟ್ಟಿಗೆ ಸೇರಿವೆ. ಸೆಸ್ಸು ಮಾತ್ರ ಎಂದಿನಂತೆ ಪೆಟ್ರೋಲು ಡೀಸೆಲಿನ ಬೆಲೆಯೊಳಗೇ ವಸೂಲಾಗುತ್ತಿದೆ.